ಬೌಲಿಂಗ್ ಚೆಂಡನ್ನು ಉಜ್ಜಿ ಹದಕ್ಕೆ ತರುವುದು: ಸರಿಯಾದ ಸ್ಯಾಂಡಿಂಗ್ ಪ್ಯಾಡ್ ಆರಿಸುವ ಬಗೆ

ಹತ್ತು ಪಿನ್ ಉರುಳಿಸುವ ಬೌಲಿಂಗ್ ಆಟದ ಚೆಂಡನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಬೆರಳಿನ ತೂತುಗಳಿಂದ ಸ್ವಲ್ಪ ಆಚೆ, ಚೆಂಡನ್ನು ಸುತ್ತಿಕೊಂಡ ಹಾಗೆ ಒಂದು ಪಟ್ಟಿ ಕಾಣುತ್ತದೆ. ಅಲ್ಲಿ ಬೆಳಕು ಬೇರೆ ಥರ ಬೀಳುತ್ತದೆ. ಹೊಳೆಯುವ ಚೆಂಡಾದರೆ ಆ ಪಟ್ಟಿ ಮಂಕಾಗಿರುತ್ತದೆ. ಮಂಕು ಚೆಂಡಾದರೆ ಅದೇ ಪಟ್ಟಿ ನುಣ್ಣಗೆ ಹೊಳೆಯುತ್ತದೆ. ಇದನ್ನೇ ಟ್ರ್ಯಾಕ್ ಅನ್ನುತ್ತಾರೆ. ಚೆಂಡು ಉರುಳುವಾಗ ಲೇನ್‌ಗೆ, ಅಂದರೆ ಪಿನ್‌ವರೆಗಿನ ಎಣ್ಣೆ ಹಚ್ಚಿದ ಉದ್ದ ದಾರಿಗೆ, ತಾಗುವುದು ಈ ಜಾಗ. ಚೆಂಡು ಮೊದಲಿನ ಹಾಗೆ ತಿರುಗುತ್ತಿಲ್ಲ ಅಂತ ಅನ್ನಿಸಿದರೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

ಆಗ ನಾವೆಲ್ಲ ಪ್ಯಾಡ್ ಹುಡುಕಲು ಹೊರಡುತ್ತೇವೆ. 500, 1000, 2000, 4000 ಅಂತ ಸಾಲಾಗಿ ಸಂಖ್ಯೆಗಳು ಕಾಣುತ್ತವೆ. ಯಾವುದೋ ಒಂದನ್ನು ತಂದು ಉಜ್ಜಿದರೆ ಆಯ್ತು ಅನ್ನಿಸುತ್ತದೆ. ಆಗುವುದಿಲ್ಲ. ಚೆಂಡಿನ ಮೈ ಕೊನೆಗೆ ಹೇಗಾಗುತ್ತದೆ ಅನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ. ಯಾವ ಗ್ರಿಟ್‌ನಿಂದ (ಪ್ಯಾಡ್ ಎಷ್ಟು ಒರಟು ಅನ್ನುವ ಸಂಖ್ಯೆ) ಶುರು ಮಾಡಿದಿರಿ, ಯಾವ ದಾರಿಯಲ್ಲಿ ಮೇಲೆ ಬಂದಿರಿ, ಪ್ಯಾಡ್ ಎಷ್ಟು ಸವೆದಿತ್ತು. ಕೊನೆಯ ಪ್ಯಾಡ್‌ನ ಬೆನ್ನಿನ ಮೇಲಿರುವ ಸಂಖ್ಯೆ ಇದರಲ್ಲಿ ಒಂದು ಭಾಗ ಮಾತ್ರ.

ನಾನು ಇದನ್ನು ಕಲಿತದ್ದು ಒಂದು ಒಳ್ಳೆಯ ಚೆಂಡಿನ ಮೇಲೆ. 500ರ ಹೊಸ ಪ್ಯಾಡ್‌ನಲ್ಲಿ ಉಜ್ಜಿ, ನಡುವಿನ ಗ್ರಿಟ್‌ಗಳನ್ನೆಲ್ಲ ಬಿಟ್ಟು ನೇರ 4000ಕ್ಕೆ ಹೋದೆ. ಮೈ ನೋಡಲು ಚೆನ್ನಾಗಿತ್ತು, ತುಸು ಹೊಳಪೂ ಬಂದಿತ್ತು. ಲೇನ್ ಮೇಲೆ ಬಿಟ್ಟರೆ ಚೆಂಡು ಬೇಗನೇ ಕಚ್ಚಿಕೊಂಡು, ಪಿನ್ ಹತ್ತಿರ ಹೋಗುವಷ್ಟರಲ್ಲಿ ಸುಸ್ತಾಗುತ್ತಿತ್ತು. ಆಮೇಲೆ ಭೂತಗನ್ನಡಿ ಇಟ್ಟು ನೋಡಿದೆ. 500ರ ಆಳವಾದ ಗೀರುಗಳು ಹಾಗೇ ಇದ್ದವು. 4000ರ ಪ್ಯಾಡ್ ಆ ಗೀರುಗಳ ನಡುವಿನ ದಿಬ್ಬಗಳ ತುದಿಯನ್ನು ಮಾತ್ರ ನಯ ಮಾಡಿತ್ತು, ತಗ್ಗು ತಗ್ಗಾಗಿಯೇ ಉಳಿದಿತ್ತು. ನಮ್ಮ ಕಣ್ಣಿಗೆ ಹೊಳೆಯುವುದು ದಿಬ್ಬದ ತುದಿ. ಲೇನ್ ಮೇಲಿನ ಎಣ್ಣೆಗೆ ತಗ್ಗೂ ಲೆಕ್ಕಕ್ಕೆ ಬರುತ್ತದೆ.

ಗ್ರಿಟ್ ಸಂಖ್ಯೆ ಹೇಳುವುದೇನು

ಸಂಖ್ಯೆ ಸಣ್ಣದಾದಷ್ಟೂ ಹರಳು ದಪ್ಪ, ಗೀರು ಆಳ. ಯುರೋಪಿನ ಅಳತೆಯಲ್ಲಿ ಸಂಖ್ಯೆಯ ಮುಂದೆ ‘ಪಿ’ ಅಕ್ಷರ ಇರುತ್ತದೆ. ಅದರ ಪ್ರಕಾರ ಪಿ180ರ ಹರಳು ಸರಾಸರಿ 82 ಮೈಕ್ರಾನ್, ಅಂದರೆ ಸುಮಾರಾಗಿ ಒಂದು ತಲೆಕೂದಲಿನ ದಪ್ಪ. ಪಿ360 ಸುಮಾರು 40 ಮೈಕ್ರಾನ್. ಪಿ500 ಸುಮಾರು 30. ಪಿ1000 ಸುಮಾರು 18. ಪಿ2000 ಸುಮಾರು 10. ಒಂದು ವಿಷಯ ಗಮನಿಸಿ. 500ರಿಂದ 1000ಕ್ಕೆ ಹೋದಾಗ ಸಂಖ್ಯೆ ಎರಡು ಪಟ್ಟಾಯಿತು, ಆದರೆ ಹರಳಿನ ಗಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿಯಿತು. ಮೇಲೆ ಹೋದಷ್ಟೂ ಸಂಖ್ಯೆ ದೊಡ್ಡದಾಗಿ ಜಿಗಿಯುತ್ತದೆ, ಮೈಯಲ್ಲಿ ಆಗುವ ಬದಲಾವಣೆ ಸಣ್ಣದು. 360 ಮತ್ತು 500ರ ನಡುವಿನ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. 3000 ಮತ್ತು 4000ರ ನಡುವಿನದು ಗೊತ್ತಾಗುವುದು ಕಷ್ಟ.

ಅಮೆರಿಕದ ಹಳೆಯ ಅಳತೆ ಬೇರೆ. ಅಲ್ಲಿ 600 ಅಂದರೆ ಸುಮಾರು 16 ಮೈಕ್ರಾನ್. ಯುರೋಪಿನ ಪಿ1000 ಮತ್ತು ಪಿ1200ರ ನಡುವೆ ಅದು ಬೀಳುತ್ತದೆ. ಹಾಗಾಗಿ ಅಂಗಡಿಯಲ್ಲಿ ಸಿಕ್ಕ ಸ್ಯಾಂಡ್ ಪೇಪರ್‌ನ 600ನ್ನು ಬೌಲಿಂಗ್ ಪ್ಯಾಡ್‌ನ 500ರ ಪಕ್ಕದ್ದು ಅಂದುಕೊಂಡು ಬಳಸಿದರೆ ಲೆಕ್ಕ ತಪ್ಪುತ್ತದೆ. ಒಂದೇ ಕಂಪನಿಯ ಒಂದೇ ಸಾಲಿನ ಪ್ಯಾಡ್‌ಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಬೇರೆ ಬೇರೆ ಕಂಪನಿಯವನ್ನು ಬೆರೆಸಿದರೆ, ಮುಂದಿನ ಸಲ ಅದೇ ಮೈ ತರಲು ಆಗುವುದಿಲ್ಲ.

ಯಾವ ಬಗೆಯ ಪ್ಯಾಡ್

ಬೌಲಿಂಗ್‌ನಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಅಬ್ರಲಾನ್. ಫಿನ್ಲೆಂಡಿನ ಮಿರ್ಕಾ ಕಂಪನಿ ಮಾಡುವ ಪ್ಯಾಡ್ ಇದು. ಮೇಲೆ ಸಿಲಿಕಾನ್ ಕಾರ್ಬೈಡ್ ಹರಳು ಅಂಟಿಸಿದ ಬಟ್ಟೆ, ಅದರ ಕೆಳಗೆ ಮೆತ್ತನೆಯ ಸ್ಪಂಜು. ಸುಮಾರು 6 ಇಂಚಿನ ದುಂಡು ಬಿಲ್ಲೆ. 180, 360, 500, 1000, 2000, 3000, 4000 ಅಂತ ಸಿಗುತ್ತದೆ. ಹೊಸ ಚೆಂಡಿನ ಪೆಟ್ಟಿಗೆಯ ಮೇಲೆ ‘2000 ಅಬ್ರಲಾನ್’ ಅಂತ ಬರೆದಿದ್ದರೆ, ಕಾರ್ಖಾನೆಯಲ್ಲಿ ಕೊನೆಗೆ ಆಡಿಸಿದ್ದು ಆ ಪ್ಯಾಡ್ ಅಂತ ಅರ್ಥ. ಕೆಲವು ಕಂಪನಿಗಳು ‘500, 1000, 2000’ ಅಂತ ಇಡೀ ದಾರಿಯನ್ನೇ ಬರೆಯುತ್ತವೆ. ಅಂಥದ್ದು ಸಿಕ್ಕರೆ ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಚೆಂಡಿನ ಮೂಲ ಅಡಿಗೆ ವಿಧಾನ ಇದ್ದ ಹಾಗೆ.

ಸ್ವಿಟ್ಜರ್ಲೆಂಡಿನ ಸಿಯಾ ಕಂಪನಿಯ ಸಿಯಾಏರ್ ಕೂಡ ಸ್ಪಂಜಿನ ಪ್ಯಾಡೇ. ಅದನ್ನೂ ಬಹಳ ಕಾರ್ಖಾನೆಗಳು ಬಳಸುತ್ತವೆ. ಅಬ್ರಲಾನ್ 500ರ ಮೈಗೂ ಸಿಯಾಏರ್ 500ರ ಮೈಗೂ ಒಂದೇ ಸಂಖ್ಯೆ ಇದ್ದರೂ ಎರಡೂ ಒಂದೇ ಅಲ್ಲ. 3ಎಂ ಕಂಪನಿಯ ಟ್ರೈಜ್ಯಾಕ್ಟ್ ಬೇರೆ ಜಾತಿ. ಅದರಲ್ಲಿ ಹರಳುಗಳನ್ನು ಸುಮ್ನೆ ಎರಚಿ ಅಂಟಿಸಿರುವುದಿಲ್ಲ. ಪುಟ್ಟ ಪುಟ್ಟ ಗೋಪುರಗಳ ಹಾಗೆ ಸಾಲಾಗಿ ಜೋಡಿಸಿರುತ್ತಾರೆ. ಗೋಪುರ ಸವೆದಂತೆ ಒಳಗಿನಿಂದ ಹೊಸ ಹರಳು ಮೇಲೆ ಬರುತ್ತದೆ. ಹಾಗಾಗಿ ಹರಿತ ಒಂದೇ ಮಟ್ಟದಲ್ಲಿ ಜಾಸ್ತಿ ದಿನ ಉಳಿಯುತ್ತದೆ.

ಸ್ಕಾಚ್ ಬ್ರೈಟ್ ಥರದ ನಾರಿನ ಪ್ಯಾಡ್‌ಗಳೂ ಇವೆ. ಹಸಿರು, ಮರೂನ್, ಬೂದು ಬಣ್ಣದಲ್ಲಿ ಸಿಗುತ್ತವೆ. ಆಟಕ್ಕೆ ಮುಂಚೆ ಕೈಯಲ್ಲೇ ಒಂದೆರಡು ನಿಮಿಷ ಉಜ್ಜಿ ಹೊಳಪು ಇಳಿಸಲು ಇವು ಬಹಳ ಚೆನ್ನ. ಪೂರ್ತಿ ರೀಸರ್ಫೇಸಿಂಗ್‌ಗೆ, ಅಂದರೆ ಇಡೀ ಮೈಯನ್ನು ಹೊಸದಾಗಿ ಉಜ್ಜಿ ಸಮ ಮಾಡಲು, ಇವನ್ನು ಆರಿಸಬೇಡಿ. ನಾರು ಮೇಲ್ಮೈ ಮೇಲೆ ಜಾರಿಕೊಂಡು ಹೋಗುತ್ತದೆ, ಟ್ರ್ಯಾಕ್‌ನ ತಗ್ಗನ್ನು ಸಮ ಮಾಡುವುದಿಲ್ಲ.

ಮಾಮೂಲಿ ವಾಟರ್ ಪೇಪರ್ ಹಾಳೆಯ ಬಗ್ಗೆ ಕೇಳುವವರು ಬಹಳ ಮಂದಿ. ಕೆಲಸ ಆಗುತ್ತದೆ, ಆದರೆ ನಾನು ಬೇಡ ಅನ್ನುತ್ತೇನೆ. ಚೆಂಡು ದುಂಡಗಿದೆ, ಹಾಳೆ ಚಪ್ಪಟೆ. ಹಾಳೆ ಮಡಚಿದ ಕಡೆ ಒತ್ತಡ ಒಂದೇ ಗೆರೆಯ ಮೇಲೆ ಬೀಳುತ್ತದೆ, ಅಲ್ಲಿ ಆಳವಾದ ಗೀರು ಏಳುತ್ತದೆ. ಸ್ಪಂಜಿನ ಪ್ಯಾಡ್ ಚೆಂಡಿನ ಮೈಗೆ ತಾನೇ ಬಾಗಿ ಕೂರುತ್ತದೆ. ಅದಕ್ಕೇ ಸ್ಪಂಜು ಇರುವುದು.

ಯಾವ ಗ್ರಿಟ್‌ಗಳನ್ನು ಕೊಳ್ಳಬೇಕು

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ 500, 1000, 2000. ಈ ಮೂರರಲ್ಲಿ ಮುಕ್ಕಾಲು ಪಾಲು ಕೆಲಸ ಆಗಿಹೋಗುತ್ತದೆ. ನಾಲ್ಕನೆಯದು 360. ಅದು ಬೇಕಾಗುವುದು ಪೂರ್ತಿ ರೀಸರ್ಫೇಸಿಂಗ್ ಮಾಡುವಾಗ. ಆಮೇಲೆ ಅಗತ್ಯ ಕಂಡರೆ 4000. 3000ವನ್ನು ಕೊನೆಗೆ ನೋಡಿಕೊಳ್ಳಬಹುದು. 180 ಇರುವುದು ಆಳವಾದ ಗಾಯ ತೆಗೆಯಲು ಅಥವಾ ಬಿರುಕು ತುಂಬಿಸಿದ ಮೇಲೆ ಆ ಜಾಗ ಸಮ ಮಾಡಲು. ದಿನನಿತ್ಯದ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ. ಒಮ್ಮೆ ಕಿತ್ತು ಬಂದ ಮೈ ವಾಪಸ್ ಬರುವುದಿಲ್ಲ. ಚೆಂಡಿನ ವ್ಯಾಸಕ್ಕೂ 8.5 ಇಂಚು ಅನ್ನುವ ಕೆಳಮಿತಿ ಇದೆ.

ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಉಗುರಿನಿಂದ ತೀರ್ಮಾನಿಸಿ. ಚೆಂಡು ಒಣಗಿರಲಿ. ಹೆಬ್ಬೆರಳ ಉಗುರನ್ನು ಟ್ರ್ಯಾಕ್‌ಗೆ ಅಡ್ಡವಾಗಿ, ತೀರಾ ಹಗುರವಾಗಿ ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಿದರೆ 1000 ಅಥವಾ 2000ರಲ್ಲಿ ಮೈ ತಾಜಾ ಮಾಡಿದರೆ ಸಾಕು. ಟಕ್ ಟಕ್ ಅಂತ ಸಣ್ಣಗೆ ತಡೆದರೆ 500. ಉಗುರು ಸಿಕ್ಕಿಹಾಕಿಕೊಂಡು ನಿಂತರೆ 360ರಿಂದ ಶುರು ಮಾಡಬೇಕು. ಆ ತಡೆ ಒಂದೇ ಜಾಗದಲ್ಲಿ, ಗುಂಡಿಯ ಹಾಗೆ ಇದ್ದರೆ ಉಜ್ಜಬೇಡಿ. ಅದನ್ನು ಮೊದಲು ತುಂಬಿಸಬೇಕು. ಗುಂಡಿಯ ಆಳದವರೆಗೂ ಚೆಂಡನ್ನೇ ಸವೆಸಲು ಹೋದರೆ ಚೆಂಡು ದುಂಡಗೆ ಉಳಿಯುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಚೆಂಡಿನ ಹೊದಿಕೆ ಮತ್ತು ಲೇನ್ ಎಣ್ಣೆಯ ಮೇಲೆ ಹೋಗುತ್ತದೆ. ಒರಟು ಮೈ ಎಣ್ಣೆಯ ಪದರವನ್ನು ಸೀಳಿಕೊಂಡು ಲೇನ್ ಹಿಡಿಯುತ್ತದೆ. ಬೇಗ ಉರುಳಲು ಶುರು ಮಾಡುತ್ತದೆ, ಬೇಗ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ನುಣುಪು ಮೈ ಎಣ್ಣೆಯ ಮೇಲೆ ಜಾರಿ, ಶಕ್ತಿಯನ್ನು ಉಳಿಸಿಕೊಂಡು, ಕೊನೆಯಲ್ಲಿ ತಿರುಗುತ್ತದೆ. ಫೌಲ್ ಲೈನ್‌ನಿಂದ (ಎಸೆಯುವವರು ದಾಟಬಾರದ ಗೆರೆ) ಮೊದಲ ಪಿನ್‌ವರೆಗೆ ಇರುವುದು 60 ಅಡಿ. ಅದರಲ್ಲಿ ಎಣ್ಣೆ 40 ಅಡಿಗಿಂತ ಬಹಳ ಮುಂದೆ ಹೋಗಿದ್ದರೆ, ಅದೂ ದಪ್ಪಗಿದ್ದರೆ, ರಿಯಾಕ್ಟಿವ್ ಸಾಲಿಡ್ ಚೆಂಡನ್ನು (ಎಣ್ಣೆ ಹೀರುವ, ಹೊಳಪಿನ ಪುಡಿ ಬೆರೆಸದ ಹೊದಿಕೆಯದು) 500 ಅಥವಾ 1000ದಲ್ಲೇ ಬಿಡಬಹುದು. ಸಾಧಾರಣ ಎಣ್ಣೆಗೆ 2000ದಿಂದ 3000. ಎಣ್ಣೆ ಕಡಿಮೆ ಇದ್ದರೆ, ಅಥವಾ ಕಡಿಮೆ ಅಡಿಗೆ ನಿಂತಿದ್ದರೆ, 4000 ಇಲ್ಲವೇ ಪಾಲಿಶ್. ಪರ್ಲ್, ಅಂದರೆ ಹೊಳಪಿನ ಪುಡಿ ಬೆರೆಸಿದ ಹೊದಿಕೆಯ ಚೆಂಡುಗಳು ಹೆಚ್ಚಾಗಿ ಪಾಲಿಶ್ ಮೈಯಲ್ಲೇ ಬರುತ್ತವೆ. ಅವುಗಳ ಗುಣ ಬೇಕಿದ್ದರೆ ಅಲ್ಲಿಗೇ ವಾಪಸ್ ತನ್ನಿ. ಯುರೆಥೇನ್ ಹೊದಿಕೆಯ ಚೆಂಡು 500 ಮತ್ತು 1000ದ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿದ ಪಿನ್ ಬೀಳಿಸಲು ಇಟ್ಟುಕೊಂಡ ಪ್ಲಾಸ್ಟಿಕ್ ಚೆಂಡು ನೇರ ಹೋದರೆ ಸಾಕು, ಅದು ಹೊಳೆಯುತ್ತಾ ಇರಲಿ.

ಎಸೆಯುವವರ ಕೈಯೂ ಲೆಕ್ಕಕ್ಕೆ ಬರಬೇಕಲ್ವಾ? ಜೋರಾಗಿ ಎಸೆದು ಕಡಿಮೆ ತಿರುಗಿಸುವವರಿಗೆ ಒಂದು ಮೆಟ್ಟಿಲು ಒರಟು ಮೈ ಸರಿಹೋಗುತ್ತದೆ. ನಿಧಾನಕ್ಕೆ ಎಸೆದು ಜಾಸ್ತಿ ತಿರುಗಿಸುವವರಿಗೆ ಒಂದು ಮೆಟ್ಟಿಲು ನುಣುಪು. ಗೆಳೆಯರ ಚೆಂಡಿನ ಮೇಲೆ ಚೆನ್ನಾಗಿ ಕೆಲಸ ಮಾಡಿದ ಗ್ರಿಟ್ ನಿಮ್ಮ ಚೆಂಡಿನ ಮೇಲೂ ಮಾಡುತ್ತದೆ ಅಂತ ನಂಬಬೇಡಿ.

ಉಜ್ಜುವ ಮುಂಚೆ

ಚೆಂಡನ್ನು ಬೌಲಿಂಗ್ ಕ್ಲೀನರ್ ಹಾಕಿ ಚೆನ್ನಾಗಿ ಒರೆಸಿ. ಎಣ್ಣೆ ಉಳಿದಿದ್ದರೆ ಉಜ್ಜಿದಾಗ ಬರುವ ಪುಡಿಗೆ ಅದು ಸೇರಿಕೊಂಡು, ಪ್ಯಾಡ್‌ನ ಹರಳುಗಳ ಸಂದಿನಲ್ಲಿ ಜಿಗುಟಾಗಿ ಕೂರುತ್ತದೆ. ಹೊಸ ಪ್ಯಾಡ್ ಹತ್ತು ನಿಮಿಷದಲ್ಲಿ ಹಳೆಯದಾಗುತ್ತದೆ. ರಿಯಾಕ್ಟಿವ್ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಎಣ್ಣೆ ಅದರೊಳಗೂ ಇಳಿದಿರುತ್ತದೆ. ಬಹಳ ಆಟ ಆಡಿದ ಚೆಂಡಾದರೆ ತೂತುಗಳಿಗೆ ನೀರು ಹೋಗದ ಹಾಗೆ ಟೇಪ್ ಅಂಟಿಸಿ, ಕೈ ಇಟ್ಟರೆ ತಡೆಯುವಷ್ಟು ಬಿಸಿ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಇಪ್ಪತ್ತು ನಿಮಿಷ ಮುಳುಗಿಸಿಡಿ. ನೀರಿನ ಮೇಲೆ ಎಣ್ಣೆ ತೇಲುವುದು ಕಾಣುತ್ತದೆ. ಕುದಿಯುವ ನೀರು ಬೇಡವೇ ಬೇಡ, ಹೊದಿಕೆ ಬಿರುಕು ಬಿಡಬಹುದು.

ಅಸಿಟೋನ್ ಥರದ ದ್ರಾವಕಗಳನ್ನು ಹತ್ತಿರ ತರಬೇಡಿ. ಅವು ಹೊದಿಕೆಯನ್ನೇ ಮೆತ್ತಗೆ ಮಾಡುತ್ತವೆ. ಇದಕ್ಕೆ ಒಂದು ಇತಿಹಾಸವೇ ಇದೆ. 1973ರಲ್ಲಿ ಅಮೆರಿಕದ ವೃತ್ತಿಪರ ಆಟಗಾರ ಡಾನ್ ಮೆಕ್ಯೂನ್ ಪ್ಲಾಸ್ಟಿಕ್ ಚೆಂಡನ್ನು ದ್ರಾವಕದಲ್ಲಿ ನೆನೆಸಿ, ಮೆದು ಮಾಡಿಕೊಂಡು ಆಡಿದರು. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಆಗ ಅದಕ್ಕೆ ತಡೆ ಇರಲಿಲ್ಲ. ಅದಾದ ಮೇಲೆ ಚೆಂಡಿನ ಗಡಸುತನಕ್ಕೆ ಕೆಳಮಿತಿ ಬಂತು.

ಬೆರಳಿನ ತೂತಿನಲ್ಲಿ ಹಾಕಿದ ರಬ್ಬರ್ ಇನ್ಸರ್ಟ್ ಮೇಲೆ ಎದ್ದಿದೆಯಾ ನೋಡಿಕೊಳ್ಳಿ. ಎದ್ದಿದ್ದರೆ ಪ್ಯಾಡ್ ಅದನ್ನು ಕಿತ್ತುಹಾಕುತ್ತದೆ, ಪ್ಯಾಡೂ ಹರಿಯುತ್ತದೆ.

ಉಜ್ಜುವ ಕ್ರಮ

ಚೆಂಡು ತಿರುಗಿಸುವ ಸ್ಪಿನ್ನರ್ ಇದ್ದರೆ ಕೆಲಸ ಸಮವಾಗಿ ಆಗುತ್ತದೆ. ಇಲ್ಲದಿದ್ದರೆ ದಪ್ಪ ಟವೆಲನ್ನು ಸಿಂಬಿಯ ಹಾಗೆ ಸುತ್ತಿ, ಅದರ ಮೇಲೆ ಚೆಂಡು ಕೂರಿಸಿ, ಕೈಯಲ್ಲೇ ಸುತ್ತು ಸುತ್ತಾಗಿ ಉಜ್ಜಬಹುದು. ಹೊತ್ತು ಜಾಸ್ತಿ ಬೇಕು, ಅಷ್ಟೇ.

ಚೆಂಡಿಗೆ ಆರು ಬದಿ ಇದೆ ಅಂತ ಲೆಕ್ಕ ಹಾಕಿ, ಲೂಡೋ ದಾಳದ ಹಾಗೆ. ಬೆರಳಿನ ತೂತು ಮೇಲೆ ಬಂದರೆ ಒಂದನೆಯ ಬದಿ. ಪೂರ್ತಿ ತಿರುಗಿಸಿ ತೂತು ಕೆಳಗೆ ಹೋದರೆ ಎರಡನೆಯದು. ತೂತು ನಿಮ್ಮ ಕಡೆಗೆ, ಆಚೆ ಕಡೆಗೆ, ಎಡಕ್ಕೆ, ಬಲಕ್ಕೆ ಅಂತ ಉಳಿದ ನಾಲ್ಕು. ಬರೀ ಮೇಲೆ ಕೆಳಗೆ ಎರಡೇ ಬದಿ ಉಜ್ಜಿದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ. ಆರು ಬದಿಯಿಂದ ಬಂದಾಗ ಗೀರಿನ ಮೇಲೆ ಗೀರು ಅಡ್ಡ ಬಿದ್ದು ಮೈ ಒಂದೇ ಸಮ ಆಗುತ್ತದೆ. ಹೊತ್ತಿಲ್ಲದಿದ್ದರೆ ನಾಲ್ಕು ಬದಿಯಾದರೂ ಮಾಡಿ.

ಪ್ಯಾಡನ್ನು ನೀರಲ್ಲಿ ಅದ್ದಿ, ಅಂಗೈ ನಡುವೆ ಒತ್ತಿ ಹೆಚ್ಚಿನ ನೀರು ತೆಗೆಯಿರಿ. ಚೆಂಡಿನ ಮೇಲೂ ನೀರು ಚಿಮುಕಿಸಿ. ಅಂಗೈ ಚಪ್ಪಟೆಯಾಗಿ ಇಟ್ಟು, ಪ್ಯಾಡನ್ನು ಚೆಂಡಿನ ನೆತ್ತಿಯಿಂದ ನಡುವಿನವರೆಗೆ ಇಳಿಸಿ, ಮತ್ತೆ ನೆತ್ತಿಗೆ ತನ್ನಿ. ಬೆರಳ ತುದಿಯಿಂದ ಒತ್ತಬೇಡಿ. ಮಗುವಿನ ತಲೆ ಒರೆಸುವಾಗ ಇರುವಷ್ಟು ಭಾರ ಸಾಕು, ಕಡಿಯುವ ಕೆಲಸ ಹರಳಿನದು. ತಾಜಾ ಮಾಡಲು ಪ್ರತಿ ಬದಿಗೆ 20ರಿಂದ 30 ಸೆಕೆಂಡ್. ಪೂರ್ತಿ ರೀಸರ್ಫೇಸಿಂಗ್‌ನಲ್ಲಿ ಮೊದಲ ಗ್ರಿಟ್‌ಗೆ ಒಂದು ನಿಮಿಷದವರೆಗೂ ಹೋಗಬಹುದು. ಎಲ್ಲ ಬದಿಗೂ ಒಂದೇ ಹೊತ್ತು ಕೊಡಿ, ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಳ್ಳಿ.

ಕಿವಿ ತೆರೆದಿಡಿ. ಹೊಸ 500ರ ಪ್ಯಾಡ್ ಮೊದಲು ಗರಗರ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಆ ಸದ್ದು ಸರಸರ ಅಂತ ಇಳಿಯುತ್ತದೆ. ಚೆಂಡಿನ ಮೇಲೆ ಬಣ್ಣದ ಹಾಲಿನಂಥ ನೀರು ಇಳಿಯತೊಡಗುತ್ತದೆ, ನೀಲಿ ಚೆಂಡಿಗೆ ತೆಳು ನೀಲಿ, ಕೆಂಪಿಗೆ ಗುಲಾಬಿ. ಅಂದರೆ ಮೈ ಕಡಿಯುತ್ತಿದೆ ಅಂತ ಅರ್ಥ. ಈ ನೀರು ದಪ್ಪಗಾಗಿ ಪ್ಯಾಡ್ ಅಂಟತೊಡಗಿದರೆ ತಕ್ಷಣ ನಿಲ್ಲಿಸಿ, ಎರಡನ್ನೂ ತೊಳೆಯಿರಿ. ಒಣಗಿದ ಚೆಂಡನ್ನು ಉಜ್ಜುವುದು ಬೇಡ. ಶಾಖ ಏಳುತ್ತದೆ, ಪ್ಯಾಡ್ ಬೇಗ ಕಟ್ಟಿಕೊಳ್ಳುತ್ತದೆ, ಸಣ್ಣ ಪುಡಿ ಮೂಗಿಗೆ ಹೋಗುತ್ತದೆ.

360 ಮುಗಿದ ಮೇಲೆ ಮುಂದಕ್ಕೆ ಹೋಗುವ ಅವಸರ ಬೇಡ. ಚೆಂಡು ಒರೆಸಿ, ಒಣಗಿಸಿ, ಬೆಳಕಿಗೆ ಹಿಡಿಯಿರಿ. ಟ್ರ್ಯಾಕ್‌ನ ಪಟ್ಟಿ ಇನ್ನೂ ಕಂಡರೆ ಅದೇ ಪ್ಯಾಡ್‌ನಲ್ಲಿ ಇನ್ನೊಂದು ಸುತ್ತು. ಇಲ್ಲಿ ಉಳಿದ ಗೀರನ್ನು 2000 ತೆಗೆಯಲಾರದು. ಗ್ರಿಟ್ ಬದಲಿಸುವ ಪ್ರತಿ ಸಲವೂ ಚೆಂಡು, ಕೈ, ಸ್ಪಿನ್ನರ್‌ನ ಬಟ್ಟಲು ಮೂರನ್ನೂ ತೊಳೆಯಿರಿ. 360ರ ಒಂದೇ ಒಂದು ಹರಳು 2000ರ ಪ್ಯಾಡ್‌ಗೆ ಅಂಟಿಕೊಂಡರೆ ಚೆಂಡಿನ ಸುತ್ತ ಒಂದು ಉದ್ದ ಗೆರೆ ಎಳೆದುಬಿಡುತ್ತದೆ. ಅದನ್ನು ತೆಗೆಯಲು ಮತ್ತೆ 500ಕ್ಕೆ ಇಳಿಯಬೇಕಾಗುತ್ತದೆ.

ಆಮೇಲೆ 500, 1000, 2000 ಅಂತ ಮೆಟ್ಟಿಲು ಬಿಡದೆ ಹತ್ತಿ. ಬೇಕಂತಲೇ ಒಂದು ಮೆಟ್ಟಿಲು ಬಿಡುವವರೂ ಇದ್ದಾರೆ. ಕೆಳಗೆ ತಗ್ಗು ಉಳಿಸಿಕೊಂಡು ಮೇಲೆ ನಯ ಮಾಡಿದರೆ, ಚೆಂಡು ಎಣ್ಣೆಯಲ್ಲೂ ಹಿಡಿಯುತ್ತದೆ, ಬರೀ ಒರಟು ಮೈಯಷ್ಟು ಬೇಗ ಸುಸ್ತಾಗುವುದೂ ಇಲ್ಲ. ಇದು ಒಳ್ಳೆಯ ಉಪಾಯ. ಆದರೆ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಮೈ ಹೇಗೆ ಓಡುತ್ತದೆ ಅಂತ ನೋಡಿ. ಆಮೇಲೆ ಬಿಟ್ಟು ನೋಡಿದರೆ ಏನು ಬದಲಾಯಿತು ಅಂತ ತಿಳಿಯುತ್ತದೆ.

ಪಾಲಿಶ್ ಬೇಕಿದ್ದರೆ ಅದಕ್ಕೇ ಬೇರೆ ಮೆತ್ತನೆಯ ಪ್ಯಾಡ್ ಇಡಿ. ಸ್ಯಾಂಡಿಂಗ್ ಪ್ಯಾಡ್‌ಗೆ ಪಾಲಿಶ್ ತಾಗಿದರೆ ಅದು ಮತ್ತೆ ಸರಿಯಾಗಿ ಕಡಿಯುವುದಿಲ್ಲ. 500ರ ಮೇಲಿನ ಪಾಲಿಶ್ ಮತ್ತು 2000ದ ಮೇಲಿನ ಪಾಲಿಶ್ ನೋಡಲು ಒಂದೇ ಥರ ಹೊಳೆಯುತ್ತವೆ, ಓಟ ಮಾತ್ರ ಬೇರೆ.

ಸವೆದ ಪ್ಯಾಡ್‌ನ ಲೆಕ್ಕ

ಇದನ್ನು ಮರೆತವರೇ ಜಾಸ್ತಿ. ಹೊಸ 1000ದ ಪ್ಯಾಡ್ ಅದರ ಹೆಸರಿಗಿಂತ ಒರಟಾಗಿ ಕಡಿಯುತ್ತದೆ. ಹಲವು ಚೆಂಡು ಉಜ್ಜಿದ ಮೇಲೆ ಅದೇ ಪ್ಯಾಡ್ 2000ದಂಥ ಮೈ ಕೊಡುತ್ತದೆ. ಬೆನ್ನಿನ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಅದಕ್ಕೆ ನಾನು ಪ್ಯಾಡ್‌ನ ಬೆನ್ನಿಗೆ ಮಾರ್ಕರ್‌ನಲ್ಲಿ ಗೀಟು ಹಾಕುತ್ತೇನೆ, ಒಂದು ಚೆಂಡಿಗೆ ಒಂದು ಗೀಟು. ನಾಲ್ಕೈದು ಗೀಟಿನ ಪ್ಯಾಡ್ ನನಗೆ ಅಚ್ಚುಮೆಚ್ಚು. ಹೊಸದರ ಒರಟುತನ ಹೋಗಿರುತ್ತದೆ, ಹರಿತ ಇನ್ನೂ ಇರುತ್ತದೆ. ಗೀಟು ಜಾಸ್ತಿಯಾದವನ್ನು ಎಸೆಯಬೇಡಿ. ಮೈ ತಾಜಾ ಮಾಡುವ ಹಗುರ ಕೆಲಸಕ್ಕೆ ಅವು ಬರುತ್ತವೆ. ಬೆರಳಾಡಿಸಿದಾಗ ತರಿ ಸಿಗದೆ ಬರೀ ಬಟ್ಟೆ ಸಿಕ್ಕರೆ ಆಗ ಎಸೆಯಿರಿ.

ಪ್ರತಿ ಆಟದಲ್ಲೂ ಲೇನ್ ಚೆಂಡನ್ನು ಉಜ್ಜುತ್ತಲೇ ಇರುತ್ತದೆ. 500ರ ಮೈ ಕೆಲವೇ ಆಟಗಳಲ್ಲಿ ನುಣುಪಾಗತೊಡಗುತ್ತದೆ. ಹಾಗಾಗಿ ಮಂಕು ಮೈಯ ಚೆಂಡಿಗೆ ಆಗಾಗ ಹಗುರ ಉಜ್ಜುವಿಕೆ ಬೇಕು. ಪೂರ್ತಿ ರೀಸರ್ಫೇಸಿಂಗ್ ಸುಮಾರು 60 ಆಟಕ್ಕೊಮ್ಮೆ ಅನ್ನುವುದು ರೂಢಿಯ ಲೆಕ್ಕ. ಎಣ್ಣೆ ಜಾಸ್ತಿ ಇರುವ ಕಡೆ ಆಡುವವರಿಗೆ ಇನ್ನೂ ಬೇಗ ಬೇಕಾಗಬಹುದು.

ಸ್ಪರ್ಧೆಗೆ ಹೋಗುವವರು ಉಜ್ಜುವ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ಮಾನ್ಯ ಮಾಡಿದ ಸ್ಪರ್ಧೆಗಳಲ್ಲಿ ಆಟ ಶುರುವಾದ ಮೇಲೆ ಚೆಂಡಿನ ಮೈಯನ್ನು ಪ್ಯಾಡ್‌ನಿಂದ ಬದಲಿಸುವಂತಿಲ್ಲ. 2019ರ ಆಗಸ್ಟ್‌ನಿಂದ ಆಟದ ನಡುವೆ ಒರೆಸುವ ಟವೆಲ್ ಕೂಡ ಒಣಗಿಯೇ ಇರಬೇಕು.

ಕೆಲಸ ಮುಗಿದ ಮೇಲೆ ಪ್ಯಾಡ್‌ಗಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಿ ತಿರುಚಬೇಡಿ, ಎರಡು ಅಂಗೈ ನಡುವೆ ಒತ್ತಿ ನೀರು ತೆಗೆಯಿರಿ. ನೆರಳಲ್ಲಿ, ಹರಳಿನ ಮುಖ ಮೇಲೆ ಮಾಡಿ ಒಣಗಿಸಿ. ಒದ್ದೆಯಾಗಿ ಒಂದರ ಮೇಲೊಂದು ಪೇರಿಸಿಟ್ಟರೆ ಸ್ಪಂಜು ಬಟ್ಟೆಯಿಂದ ಬಿಟ್ಟುಕೊಳ್ಳುತ್ತದೆ, ಒರಟು ಹರಳು ನುಣುಪು ಪ್ಯಾಡ್‌ಗೆ ಅಂಟುತ್ತದೆ. ಒಣಗಿದ ಮೇಲೆ ಒಂದೊಂದು ಗ್ರಿಟ್‌ಗೆ ಒಂದೊಂದು ಕವರ್ ಮಾಡಿ ಹಾಕಿಡಿ. ಚೆಂಡಿನ ಹೆಸರು, ತಾರೀಖು, ಹತ್ತಿದ ಮೆಟ್ಟಿಲುಗಳು, ಪ್ರತಿ ಪ್ಯಾಡ್‌ನ ಗೀಟು ಎಷ್ಟಿತ್ತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಚೆಂಡಿನ ಬ್ಯಾಗ್ ಒಳಗೆ ಹಾಕಿ.